ಹುಣಸೂರಿನ ಪಂಚಮ

ತಂಬೂರಿಯ ನಾಲ್ಕು ತಂತಿಗಳಲ್ಲಿ ಗಾಂಧಾರಕ್ಕೆ ಶ್ರುತಿ ಮಾಡಿದ ತಂತಿ ಒಂದೂ ಇರುವುದಿಲ್ಲ. ಆದರೂ ಜೀವಾಳಿ ಸರಿಯಾಗಿ ಕೂತ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದರೆ ಅಂತರ ಗಾಂಧಾರ ತಾನಾಗಿಯೇ ಎದ್ದು ಕೇಳುತ್ತದೆ. ನಮ್ಮ ಹಿರಿಯರು ಅದನ್ನು ಸ್ವಯಂಭೂ ಸ್ವರ ಎಂದರು. ಒಂದು ನಾದದ ಹೊಟ್ಟೆಯಲ್ಲಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನದ ನಾದಗಳೂ, ಅಂದರೆ ಅಂಶಸ್ವರಗಳೂ, ಅಡಗಿರುತ್ತವೆ, ಐದನೆಯದು ಗಾಂಧಾರ. ಸಂಗೀತ ಕಲಿಯುವ ಮಕ್ಕಳಿಗೆ ಮೇಷ್ಟರು ಇದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಿ ಎಂದು ಹೇಳುವುದುಂಟು. ಆದರೆ ಇದನ್ನು ತಂತಿಯಿಂದಲ್ಲದೆ ಮನುಷ್ಯನ ಕೊರಳಿಂದಲೇ, ಅದೂ ಬೇಕೆಂದಾಗ, ಎಬ್ಬಿಸಬಲ್ಲ ಟಿಬೆಟಿಯನ್ ಭಿಕ್ಷುಗಳಿದ್ದಾರೆಂದು ಹೊರಲೋಕಕ್ಕೆ ಗೊತ್ತಾದದ್ದು 1964ರಲ್ಲಿ.

ಆ ವರ್ಷ ಹ್ಯೂಸ್ಟನ್ ಸ್ಮಿತ್ ಎಂಬ ಅಮೆರಿಕದ ಪ್ರಾಧ್ಯಾಪಕರು ಹಿಮಾಚಲದ ಡಾಲ್‌ಹೌಸಿಗೆ ಬಂದಿದ್ದರು. ಎಂಐಟಿಯಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದವರು, ಜಗತ್ತಿನ ಧರ್ಮಗಳ ಬಗ್ಗೆ ಪುಸ್ತಕ ಬರೆದವರು. ಟಿಬೆಟ್‌ನಿಂದ ತಪ್ಪಿಸಿಕೊಂಡು ಬಂದಿದ್ದ ಗ್ಯುತೊ ಎಂಬ ತಾಂತ್ರಿಕ ಮಠದ ಭಿಕ್ಷುಗಳು ಆಗ ಅಲ್ಲಿದ್ದರು. ಬೆಳಕು ಹರಿಯುವ ಮೊದಲೇ ಶುರುವಾಗುವ ಪೂಜೆಗೆ ಸ್ಮಿತ್ ಅವರನ್ನೂ ಕರೆದರು. ಬಹಳ ಹೊತ್ತು ಗೊಣಗಿದಂತೆ ಸಾಗಿದ ಪಠಣ ಇದ್ದಕ್ಕಿದ್ದಂತೆ ಕೆಳಕ್ಕೆ, ಗಂಡುದನಿ ಇಳಿಯಬಹುದಾದ ಆಳಕ್ಕಿಂತಲೂ ಕೆಳಕ್ಕೆ ಇಳಿಯಿತು. ಅದರ ಮೇಲೆ ಇನ್ನೊಂದು ಸ್ವರ ನಿಂತಿತು. ಹಲವರು ಸೇರಿ ಬೇರೆ ಬೇರೆ ಸ್ವರ ಹಿಡಿದಿದ್ದಾರೆ ಎಂದು ಅವರು ಎಣಿಸಿದರು. ಒಬ್ಬ ಭಿಕ್ಷು ಒಂಟಿಯಾಗಿ ಹಾಡುವ ಸರದಿ ಬಂದಾಗಲೂ ಎರಡೂ ಸ್ವರ ಹಾಗೆಯೇ ಇದ್ದವು.

ಸ್ಮಿತ್ ಅದನ್ನು ಧ್ವನಿಮುದ್ರಿಸಿಕೊಂಡು, ಸುರುಳಿಯನ್ನು ಊರಿಗೆ ಒಯ್ದು ಎಂಐಟಿಯ ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮುಂದಿಟ್ಟರು. ಅಲ್ಲಿನ ರೇಮಂಡ್ ಟಾಮ್ಲಿನ್ಸನ್ ಎಂಬ ತರುಣನೂ ಕೂಡಿಕೊಂಡ. 1967ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಮೂವರ ಹೆಸರಲ್ಲಿ ಪ್ರಬಂಧ ಬಂತು. ಆಧಾರಸ್ವರದ ಐದನೆಯ ಮತ್ತು ಹತ್ತನೆಯ ಅಂಶಸ್ವರಗಳನ್ನು ಈ ಭಿಕ್ಷುಗಳು ಬಾಯಿ, ಗಂಟಲುಗಳ ಆಕಾರ ಬದಲಿಸಿ ಎತ್ತಿ ನಿಲ್ಲಿಸುತ್ತಾರೆ ಎಂಬುದು ಅದರ ಸಾರ. ಅಂದರೆ ನಮ್ಮ ತಂಬೂರಿಯ ಅದೇ ಗಾಂಧಾರ. (ಈ ಟಾಮ್ಲಿನ್ಸನ್ನೇ ನಾಲ್ಕು ವರ್ಷ ಕಳೆದು, 1971ರಲ್ಲಿ, ಎರಡು ಕಂಪ್ಯೂಟರುಗಳ ನಡುವೆ ಮೊದಲ ಇಮೇಲ್ ಕಳಿಸಿದವನು.)

ಡಾಲ್‌ಹೌಸಿಯಲ್ಲಿ ಆಗ ಇಂಥದೇ ಇನ್ನೊಂದು ಮಠವೂ ಇತ್ತು. ಹೆಸರು ಗ್ಯುಮೆ. ಗೆಲುಗ್ ಪಂಥ ಸ್ಥಾಪಿಸಿದ ತ್ಸೊಂಗ್‌ಖಾಪರ ಶಿಷ್ಯ ಶೆರಬ್ ಸೆಂಗೆ 1433ರಲ್ಲಿ ಕಟ್ಟಿದ ಮಠ ಅದು, ಗ್ಯುತೊಗಿಂತ ಹಳೆಯದು. ಎರಡರದೂ ಒಂದೇ ಬಗೆಯ ಆಳದ ದನಿ, ಆದರೆ ಮೇಲೆ ಎದ್ದು ಕೇಳುವ ಸ್ವರ ಬೇರೆ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವಿಯೆಟ್ನಾಂ ಮೂಲದ ಸಂಗೀತಶಾಸ್ತ್ರಜ್ಞ ತ್ರಾನ್ ಕ್ವಾಂಗ್ ಹಾಯ್ ಈ ಗಾಯನಗಳನ್ನು ಬಹುಕಾಲ ಅಳೆದು ನೋಡಿದವರು. ಗ್ಯುತೊದವರು ಹತ್ತನೆಯ ಅಂಶಸ್ವರವನ್ನು ಎತ್ತಿದರೆ ಗ್ಯುಮೆಯವರು ಹನ್ನೆರಡನೆಯದನ್ನು ಎತ್ತುತ್ತಾರೆ ಎಂಬುದು ಅವರು ಕಂಡುಕೊಂಡ ವ್ಯತ್ಯಾಸ. ಹತ್ತನೆಯದು ಗಾಂಧಾರವಾದರೆ ಹನ್ನೆರಡನೆಯದು ಪಂಚಮ. ಗ್ಯುತೊ ಮುಂದೆ ಅರುಣಾಚಲಕ್ಕೂ ಧರ್ಮಶಾಲೆಯ ಬುಡಕ್ಕೂ ಹೋಯಿತು. ಗ್ಯುಮೆ ಬಂದು ನಿಂತದ್ದು ಮೈಸೂರು ಜಿಲ್ಲೆಯಲ್ಲಿ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ. ಆ ಪಂಚಮ ಅಂದಿನಿಂದ ಹುಣಸೂರಿನದು.

ಅದು ಇಲ್ಲಿಗೆ ಬಂದ ದಾರಿ ಸುಲಭದ್ದಲ್ಲ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಬೆನ್ನಿಗೆ ಸಾವಿರಾರು ಜನ ಬಂದರು. ಗೃಹಸ್ಥರಲ್ಲಿ ಅನೇಕರು ಹಿಮಾಲಯದ ಮಗ್ಗುಲಲ್ಲಿ ರಸ್ತೆ ಕಡಿಯುವ ಕೂಲಿಗೆ ನಿಂತರು. ದೊಡ್ಡ ಮಠಗಳ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾ ದುವಾರ್‌ಗೆ ಕಳಿಸಿದರು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಕೋಟೆ ಜೈಲು. ತಣ್ಣನೆಯ ಒಣಗಾಳಿಯ ನಾಡಿನಿಂದ ಬಂದವರಲ್ಲಿ ಅನೇಕರು ಅಲ್ಲಿನ ಮಳೆ, ಸೆಕೆ, ಇಕ್ಕಟ್ಟಿನಲ್ಲಿ ಕ್ಷಯ ಹತ್ತಿ ಸತ್ತರು. ಉಳಿದವರು ಸುಮಾರು ಹತ್ತು ವರ್ಷ ಅಲ್ಲೇ ಇದ್ದರು. ಗ್ರಂಥಗಳ ಪಾಠ, ತರ್ಕದ ವಾದ, ಪೂಜೆಯ ರಾಗಗಳು ಆ ಜೈಲಿನ ಗೋಡೆಗಳ ನಡುವೆಯೂ ನಿಲ್ಲಲಿಲ್ಲ.

ನಿರಾಶ್ರಿತರಿಗೆ ಜಮೀನು ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೊದಲು ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲ ಗೊತ್ತಾಯಿತು. 1960ರಲ್ಲಿ ಲುಗ್‌ಸುಂಗ್ ಸಂದುಪ್ಲಿಂಗ್ ಎಂಬ ವಸತಿ ಹುಟ್ಟಿತು. ಭಾರತದ ಮೊದಲ ಟಿಬೆಟಿಯನ್ ವಸತಿ ಅದು. ಬಿದಿರು ಕಡಿದು, ಮೆಳೆ ಸುಟ್ಟು, ಡೇರೆಯಲ್ಲಿ ಮಲಗಿ ಹೊಲ ಮಾಡಿದರು. ಬಾರ್ಲಿ ಬೆಳೆದ ಕೈಗಳು ಮುಸುಕಿನ ಜೋಳ ಬಿತ್ತುವುದನ್ನು ಕಲಿತವು. ತೆನೆ ಕಟ್ಟುವ ಹೊತ್ತಿಗೆ ನಾಗರಹೊಳೆ ಕಡೆಯ ಆನೆಗಳು ಬಂದವು. ಇವರ ನೆರವಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿಕೊಂಡಿತು. ಇಂದು ಬರಪೀಡಿತ ಹಳ್ಳಿಗಳ ಸ್ವಸಹಾಯ ಗುಂಪುಗಳಿಗೆ ಹೆಸರಾದ ಅದೇ ಮೈರಾಡ. 1969ರಲ್ಲಿ ಬೈಲುಕುಪ್ಪೆಯ ಎರಡನೆಯ ವಸತಿ, 1972ರಲ್ಲಿ ಗುರುಪುರದ ರಬ್‌ಗ್ಯೆಲಿಂಗ್. ನಮ್ಮ ಜನಕ್ಕೆ ಇವೆಲ್ಲ ಬರೀ ‘ಕ್ಯಾಂಪು’. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದೇ ಬಸ್ಸಿನ ಕಂಡಕ್ಟರ್ ಕೂಗುವುದು. ಚಳಿಗಾಲ ಬಂದಾಗ ಕ್ಯಾಂಪಿನ ಗಂಡಸರು, ಹೆಂಗಸರು ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಕರ್ನಾಟಕದ ಬಹುಪಾಲು ಮನೆಗಳಿಗೆ ಟಿಬೆಟ್ ಪರಿಚಯವಾದದ್ದು ಆ ಫುಟ್‌ಪಾತಿನ ಉಣ್ಣೆಬಟ್ಟೆಯಿಂದ.

ಮಠಗಳು ಹೊಲಗಳ ನಡುವೆ ಒಂದೊಂದಾಗಿ ಎದ್ದವು. ಪೆನೊರ್ ರಿನ್ಪೊಚೆ 1963ರಲ್ಲಿ ಬೆರಳೆಣಿಕೆಯ ಭಿಕ್ಷುಗಳೊಂದಿಗೆ ನಾಮ್‌ಡ್ರೋಲಿಂಗ್ ಶುರು ಮಾಡಿದರು; ಇಂದು ಪ್ರವಾಸಿಗರು ಗೋಲ್ಡನ್ ಟೆಂಪಲ್ ಎಂದು ನೋಡಲು ಬರುವುದು ಅದನ್ನೇ. ಬಕ್ಸಾದಲ್ಲಿ ಬದುಕುಳಿದ ಸೆರಾ ಮಠದ ಸುಮಾರು 300 ಭಿಕ್ಷುಗಳು 1970ರ ಹೊತ್ತಿಗೆ ಬೈಲುಕುಪ್ಪೆಗೆ ಬಂದರು. ದಲೈ ಲಾಮಾರ ನಂತರದ ಸ್ಥಾನದ ಗುರುವೆನಿಸಿದ ಪಂಚೆನ್ ಲಾಮಾರ ಪೀಠವಾದ ತಾಶಿ ಲ್ಹುನ್ಪೊ 1972ರಲ್ಲಿ ಅಲ್ಲೇ ಮತ್ತೆ ಹುಟ್ಟಿತು. ಮೊದಲ ವರ್ಷಗಳಲ್ಲಿ ಭಿಕ್ಷುಗಳೂ ಹಗಲೆಲ್ಲ ಹೊಲದಲ್ಲಿ ಗುದ್ದಲಿ ಹಿಡಿದವರೇ. ಬೆಳಗ್ಗೆ ಮತ್ತು ಕತ್ತಲಾದ ಮೇಲೆ ಪೂಜೆ.

ಇಲ್ಲಿ ಒಮ್ಮೆ ಆಫ್ರಿಕಕ್ಕೆ ಹೋಗಿ ಬರಬೇಕು. ಬೈಲುಕುಪ್ಪೆಯಲ್ಲಿ ಕಾಡು ಕಡಿಯುತ್ತಿದ್ದ ಅದೇ 1960ರಲ್ಲಿ ದಕ್ಷಿಣ ಆಫ್ರಿಕದ ಲೇಡಿಸ್ಮಿತ್ ಊರಿನ ಜೋಸೆಫ್ ಶಬಲಾಲಾ ಒಂದು ಹಾಡುಗಾರರ ತಂಡ ಕಟ್ಟಿದ. ಬೋವರ್ ಯುದ್ಧದಲ್ಲಿ ಗಾಂಧೀಜಿ ಗಾಯಾಳುಗಳನ್ನು ಹೊತ್ತದ್ದು ಅದೇ ನೆಟಾಲ್ ಸೀಮೆಯಲ್ಲಿ. ತಂಡದ ಹೆಸರು ಲೇಡಿಸ್ಮಿತ್ ಬ್ಲಾಕ್ ಮಂಬಾಜೊ. ವಾದ್ಯವಿಲ್ಲ, ಬರೀ ಗಂಡುದನಿಗಳು. ಹಳ್ಳಿ ಬಿಟ್ಟು ಗಣಿಗೆ ದುಡಿಯಲು ಹೋದ ಜುಲು ಗಂಡಸರು ಹಾಸ್ಟೆಲುಗಳಲ್ಲಿ, ಶನಿವಾರದ ರಾತ್ರಿ, ಕಾವಲುಗಾರರಿಗೆ ಕೇಳದಂತೆ ತುದಿಗಾಲಲ್ಲಿ ಹೆಜ್ಜೆ ಹಾಕುತ್ತ ಕಟ್ಟಿದ ಹಾಡುಗಾರಿಕೆ ಅವರದು. ಜುಲು ಹಾಡಿಗೂ ಗ್ಯುಮೆಯ ಪಠಣಕ್ಕೂ ಸಂಗೀತದಲ್ಲಿ ಏನೂ ಸಂಬಂಧವಿಲ್ಲ. ಒಂದು ದುಡಿಮೆಗಾರರ ಸಂತೋಷದ ಹಾಡು, ಇನ್ನೊಂದು ದೀಕ್ಷೆ ಪಡೆದವರ ಉಪಾಸನೆ. ಆದರೆ ಎರಡೂ ಊರು ಕಳೆದುಕೊಂಡ ಗಂಡಸರು ಒಟ್ಟಿಗೆ ಕೂತು ಉಳಿಸಿಕೊಂಡ ದನಿಗಳು. ಲೋಕ ಅವೆರಡನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆಯಿತು.

ಆ ಬಾಗಿಲು ತೆರೆದದ್ದು ಎಂಬತ್ತರ ದಶಕದಲ್ಲಿ. 1982ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಶೆಪ್ಟನ್ ಮ್ಯಾಲೆಟ್‌ನಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಗೆಳೆಯರು ವೊಮ್ಯಾಡ್ ಎಂಬ ಹಬ್ಬ ನಡೆಸಿದರು. ಬುರುಂಡಿಯ ನಗಾರಿಯವರು ಮತ್ತು ಬ್ರಿಟನ್ನಿನ ರಾಕ್ ತಂಡಗಳು ಒಂದೇ ಹಬ್ಬದಲ್ಲಿ. ದುಡ್ಡಿನಲ್ಲಿ ಅದು ದೊಡ್ಡ ನಷ್ಟ. ಆದರೆ ಹಬ್ಬ ನಿಲ್ಲಲಿಲ್ಲ. ಅದೇ ವರ್ಷ ನೈಜೀರಿಯದ ಕಿಂಗ್ ಸನ್ನಿ ಅಡೆಯ ಜುಜು ಸಂಗೀತದ ರೆಕಾರ್ಡು ಪಶ್ಚಿಮದ ಅಂಗಡಿಗಳಿಗೆ ಬಂತು. 1985ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ ಜೊಹಾನೆಸ್‌ಬರ್ಗಿಗೆ ಹೋಗಿ ಅಲ್ಲಿನ ವಾದ್ಯಗಾರರೊಂದಿಗೆ ಧ್ವನಿಮುದ್ರಣ ಮಾಡಿದ. ವರ್ಣಭೇದದ ಸರ್ಕಾರದ ವಿರುದ್ಧ ಜಗತ್ತು ಸಾಂಸ್ಕೃತಿಕ ಬಹಿಷ್ಕಾರ ಹಾಕಿದ್ದ ಕಾಲ. ಸೈಮನ್‌ನನ್ನು ಬಹಳ ಜನ ಬೈದರು. ಆ ಬೈಗುಳದಲ್ಲಿ ನ್ಯಾಯವಿತ್ತು ಎಂದೇ ನನ್ನ ಎಣಿಕೆ. ಆದರೆ 1986ರ ಅವನ ಆಲ್ಬಂ ‘ಗ್ರೇಸ್‌ಲ್ಯಾಂಡ್’ ಲೇಡಿಸ್ಮಿತ್‌ನವರ ದನಿಯನ್ನು ಮನೆಮನೆಗೆ ಒಯ್ದದ್ದೂ ಅಷ್ಟೇ ನಿಜ. 1988ರಲ್ಲಿ ಅವರದೇ ‘ಶಾಕಾ ಜುಲು’ಗೆ ಗ್ರ್ಯಾಮಿ ಬಂತು.

ಅಂಗಡಿಯವರಿಗೆ ಮಾತ್ರ ತಲೆನೋವು. ಈ ರೆಕಾರ್ಡುಗಳನ್ನು ಯಾವ ಕಪಾಟಿನಲ್ಲಿ ಇಡುವುದು? ರಾಕ್ ಅಲ್ಲ, ಜಾಜ್ ಅಲ್ಲ, ಶಾಸ್ತ್ರೀಯವೂ ಅಲ್ಲ. 1987ರ ಜೂನ್‌ನಲ್ಲಿ ಲಂಡನ್ನಿನ ‘ಎಂಪ್ರೆಸ್ ಆಫ್ ರಷ್ಯಾ’ ಎಂಬ ಪಬ್ಬಿನಲ್ಲಿ ಸಣ್ಣಪುಟ್ಟ ರೆಕಾರ್ಡು ಕಂಪನಿಗಳವರು ಕೂತು ‘ವರ್ಲ್ಡ್ ಮ್ಯೂಸಿಕ್’ ಎಂಬ ಹಣೆಪಟ್ಟಿ ಗೊತ್ತು ಮಾಡಿದರು. ಸೆನೆಗಲ್, ಬಲ್ಗೇರಿಯ, ಪಾಕಿಸ್ತಾನ, ಟಿಬೆಟ್ ಎಲ್ಲ ಒಂದೇ ಕಪಾಟಿಗೆ ಬಂದವು. ಇಷ್ಟು ಬೇರೆ ಬೇರೆ ಸಂಗೀತಗಳನ್ನು ಒಟ್ಟಿಗೆ ತುಂಬುವುದು ಅನ್ಯಾಯವೇ. ಆದರೂ ಆ ಕಪಾಟು ಇಲ್ಲದಿದ್ದರೆ ಮಠದ ಪಠಣ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲೇ ಉಳಿಯುತ್ತಿತ್ತು.

ಮಠದ ಕಡೆಯಿಂದ ನೋಡಿದರೆ ಈ ಕಥೆಯಲ್ಲಿ ಮುಖ್ಯನಾದ ಹೊರಗಿನವನು ಮಿಕಿ ಹಾರ್ಟ್. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಡ್ರಮ್ಮರ್. ಗ್ಯುತೊ ಭಿಕ್ಷುಗಳ ದನಿಗೆ ಮರುಳಾಗಿ ಎಂಬತ್ತರ ದಶಕದಲ್ಲಿ ಅವರ ಅಮೆರಿಕ ಪ್ರವಾಸಗಳಿಗೆ ಹೆಗಲು ಕೊಟ್ಟ, ಧ್ವನಿಮುದ್ರಿಸಿದ, ರಾಕ್ ಕೇಳುವ ಯುವಕರನ್ನು ಕರೆತಂದು ಅವರ ಮುಂದೆ ಕೂರಿಸಿದ. ಅದೇ ಹಾರ್ಟ್ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಎಂಬ ತಂಡ ಕಟ್ಟಿದ. ನೈಜೀರಿಯದ ಬಾಬತುಂಡೆ ಒಲಾತುಂಜಿ ಮತ್ತು ಸಿಕಿರು ಅಡೆಪೊಜು, ನಮ್ಮ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ, ಬ್ರೆಜಿಲ್ಲಿನ ಐರ್ತೊ ಮೊರೇರಾ ಮತ್ತು ಫ್ಲೋರಾ ಪುರಿಂ, ಪೋರ್ಟೊ ರಿಕೊದ ಜೊವಾನಿ ಹಿಡಾಲ್ಗೊ ಅದರಲ್ಲಿದ್ದರು. ವರ್ಲ್ಡ್ ಮ್ಯೂಸಿಕ್‌ಗೆಂದು ಗ್ರ್ಯಾಮಿ ಹೊಸದಾಗಿ ತೆರೆದ ವಿಭಾಗದ ಮೊದಲ ಪ್ರಶಸ್ತಿ, 1992ರಲ್ಲಿ, ಈ ತಂಡಕ್ಕೇ ಹೋಯಿತು. ಮಠದ ಪಠಣ ಕೇಳಿದ ಕಿವಿ, ನೈಜೀರಿಯದ ಚರ್ಮವಾದ್ಯ ಕೇಳಿದ ಕಿವಿ ಬೇರೆ ಬೇರೆಯಾಗಿರಲಿಲ್ಲ.

ಕರ್ನಾಟಕದ ಮಠಗಳು ಹೊರಟದ್ದು ಈ ಹೊತ್ತಿನಲ್ಲೇ. ಮೊದಲು ದೊಡ್ಡ ಹೆಸರು ಮಾಡಿದ್ದು ಉತ್ತರ ಕನ್ನಡದ ಮುಂಡಗೋಡಿನ ದ್ರೆಪುಂಗ್ ಲೋಸೆಲಿಂಗ್. 1988ರಿಂದ ಅವರ ತಂಡಗಳು ಅಮೆರಿಕ ಸುತ್ತತೊಡಗಿದವು. ‘ಮಿಸ್ಟಿಕಲ್ ಆರ್ಟ್ಸ್ ಆಫ್ ಟಿಬೆಟ್’ ಎಂಬ ಹೆಸರಿನ ಆ ಪ್ರವಾಸಗಳಿಗೆ ದಲೈ ಲಾಮಾರ ಒಪ್ಪಿಗೆಯೂ ನಟ ರಿಚರ್ಡ್ ಗೇರ್‌ನ ನೆರವೂ ಇದ್ದವು. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಸಂಗೀತಗಾರ ಫಿಲಿಪ್ ಗ್ಲಾಸ್ ಮುಂದಾಳುತನದಲ್ಲಿ ನಡೆಯುವ ಟಿಬೆಟ್ ಹೌಸ್ ಸಂಸ್ಥೆಯ ಕಛೇರಿಗಳಲ್ಲಿ ಪ್ಯಾಟಿ ಸ್ಮಿತ್‌ರಂಥ ರಾಕ್ ಗಾಯಕರು ವೇದಿಕೆ ಹತ್ತುವ ಮುಂಚೆ ದ್ರೆಪುಂಗ್ ಭಿಕ್ಷುಗಳ ಪಠಣ ವಾಡಿಕೆಯಾಯಿತು.

ಗುರುಪುರದ ಗ್ಯುಮೆ ಭಿಕ್ಷುಗಳ ಪಠಣ ‘ಟ್ಯಾಂಟ್ರಿಕ್ ಹಾರ್ಮೋನಿಕ್ಸ್’ ಎಂಬ ಧ್ವನಿಮುದ್ರಿಕೆಯಾಗಿ ಹೊರಬಿತ್ತು. ಬೈಲುಕುಪ್ಪೆಯ ತಾಶಿ ಲ್ಹುನ್ಪೊ ಬ್ರಿಟನ್ನಿನ ಕಡೆ ಮುಖ ಮಾಡಿತು. ‘ದಿ ಪವರ್ ಆಫ್ ಕಂಪ್ಯಾಶನ್’ ಎಂಬ ಅವರ ಕಾರ್ಯಕ್ರಮ ಚರ್ಚುಗಳು, ಊರ ಸಭಾಂಗಣಗಳು, ಸಂಗೀತ ಹಬ್ಬಗಳನ್ನೆಲ್ಲ ಸುತ್ತಿತು; ಪ್ರವಾಸಗಳನ್ನು ನಡೆಸಲು ಅಲ್ಲೇ ಒಂದು ಟ್ರಸ್ಟ್ ಆಯಿತು. ಚಿಕ್ಕ ತಂಡ. ಅದರಲ್ಲೇ ಎಲ್ಲ ಆಗಬೇಕು: ಒಂದರೊಳಗೊಂದು ಮಡಚಿಕೊಳ್ಳುವ ಆಳುದ್ದ ಮೀರಿದ ದುಂಗ್‌ಚೆನ್ ಕಹಳೆ, ನಮ್ಮ ಓಲಗದ ಮೌರಿಯ ಬಂಧುವಾದ ಗ್ಯಾಲಿಂಗ್, ಎರಡು ಬಗೆಯ ತಾಳಗಳು, ಕೋಲಿನ ಮೇಲೆ ನಿಲ್ಲುವ ನಗಾರಿ, ಗಂಟೆ, ಶಂಖ. ಒಂದು ಭಾಗದಲ್ಲಿ ಪಠಣ; ಇನ್ನೊಂದರಲ್ಲಿ ಸ್ಮಶಾನದ ಒಡೆಯರಾದ ಅಸ್ಥಿಪಂಜರಗಳ ಕುಣಿತ, ಕಪ್ಪು ಟೋಪಿಯವರ ಕುಣಿತ; ಮಧ್ಯೆ ಅಂಗಳದಲ್ಲಿ ನಡೆಯುವ ತರ್ಕದ ವಾದ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುವ ಆ ಪದ್ಧತಿಯೇ. ಹಗಲು ಹೊತ್ತು ಬಣ್ಣದ ಮರಳಿನ ಮಂಡಲ. ಆಡುವವರು, ಹಾಡುವವರು, ಮರಳು ಸುರಿಯುವವರು ಎಲ್ಲ ಅದೇ ಕೆಲವೇ ಜನ. ಸಂಜೆಯ ಆಟ ಮುಗಿಸಿ ರಾತ್ರಿಯೇ ವ್ಯಾನು ಹತ್ತಿ ಮುಂದಿನ ಊರಿಗೆ ಹೊರಡುವ ನಮ್ಮ ಮೇಳದವರ ಬದುಕಿಗೆ ಇದು ತೀರ ಹತ್ತಿರ.

ಜನ ಇವರನ್ನು ಕೇಳಲು ನೂಕುನುಗ್ಗಲಾಗಿ ಬಂದುದಕ್ಕೆ ಸಂಗೀತವೊಂದೇ ಕಾರಣವಲ್ಲ. 1987ರಿಂದ ಲ್ಹಾಸಾದಲ್ಲಿ ಪ್ರತಿಭಟನೆಗಳು ನಡೆದು 1989ರ ಮಾರ್ಚಿನಲ್ಲಿ ಅಲ್ಲಿ ಸೇನಾಡಳಿತ ಬಂತು. ಅದೇ ವರ್ಷದ ಕೊನೆಗೆ ದಲೈ ಲಾಮಾರಿಗೆ ನೊಬೆಲ್ ಶಾಂತಿ ಪ್ರಶಸ್ತಿ. 1995ರ ಮೇ ತಿಂಗಳಲ್ಲಿ ಅವರು ಪಂಚೆನ್ ಲಾಮಾ ಎಂದು ಗುರುತಿಸಿದ ಆರು ವರ್ಷದ ಹುಡುಗನನ್ನು ಚೀನಾ ಕೆಲವೇ ದಿನಗಳಲ್ಲಿ ಎತ್ತಿಕೊಂಡು ಹೋಯಿತು. ಅಂದಿನಿಂದ ಅವನನ್ನು ಹೊರಗೆ ಯಾರೂ ಕಂಡಿಲ್ಲ. ತಾಶಿ ಲ್ಹುನ್ಪೊ ಅವನ ಪೀಠ. ಬ್ರಿಟನ್ನಿನ ಯಾವುದೋ ಚರ್ಚಿನಲ್ಲಿ ಕಹಳೆ ಊದುವ ಬೈಲುಕುಪ್ಪೆಯ ಭಿಕ್ಷುವಿಗೆ ಅದು ಕಾಣೆಯಾದ ತನ್ನ ಗುರುವಿನ ಪರವಾಗಿ ಊದುವ ಕಹಳೆ.

ರಾಕ್ ಸಂಗೀತದವರು ಈ ನೋವನ್ನು ತಮ್ಮದೆಂದು ಎತ್ತಿಕೊಂಡರು. ಬೀಸ್ಟಿ ಬಾಯ್ಸ್ ತಂಡದ ಆಡಂ ಯಾಕ್ 1994ರ ತಮ್ಮ ಆಲ್ಬಮ್ಮಿನ ಹಾಡುಗಳಲ್ಲಿ ಭಿಕ್ಷುಗಳ ಪಠಣವನ್ನು ಸೇರಿಸಿದ. ಆ ಬೇಸಿಗೆಯ ಲೊಲ್ಲಾಪಲೂಜಾ ಎಂಬ ಸಂಗೀತ ಹಬ್ಬದ ಪ್ರವಾಸದಲ್ಲಿ ಧರ್ಮಶಾಲೆಯ ನಾಮ್‌ಗ್ಯಾಲ್ ಮಠದ ಭಿಕ್ಷುಗಳು ದಿನದ ಆರಂಭಕ್ಕೆ ವೇದಿಕೆ ಹತ್ತಿದರು. 1996ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ನಡೆದ ಟಿಬೆಟನ್ ಫ್ರೀಡಂ ಕನ್ಸರ್ಟಿಗೆ ಎರಡು ದಿನದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದ್ದರು.

2004ರ ಫೆಬ್ರವರಿಯಲ್ಲಿ ಹಿಮಾಚಲದ ಶೆರಬ್ ಲಿಂಗ್ ಮಠದ ಭಿಕ್ಷುಗಳ ‘ಸೇಕ್ರೆಡ್ ಟಿಬೆಟನ್ ಚಾಂಟ್’ಗೆ ಸಾಂಪ್ರದಾಯಿಕ ವರ್ಲ್ಡ್ ಮ್ಯೂಸಿಕ್ ವಿಭಾಗದ ಗ್ರ್ಯಾಮಿ ಬಂತು. ಮರುವರ್ಷ ಅದೇ ವಿಭಾಗದ ಪ್ರಶಸ್ತಿ ಪಡೆದವರು ಲೇಡಿಸ್ಮಿತ್ ಬ್ಲಾಕ್ ಮಂಬಾಜೊ. ಗಣಿಯ ಹಾಸ್ಟೆಲಿನ ಹಾಡು ಮತ್ತು ನಿರಾಶ್ರಿತರ ಮಠದ ಪಠಣ ಒಂದರ ಹಿಂದೆ ಒಂದು ಅದೇ ಮೆಟ್ಟಿಲು ಹತ್ತಿದವು.

ವೇದಿಕೆಗೆ ಬಂದಾಗ ಪಠಣಕ್ಕೆ ಏನಾಯಿತು? ಮಠದಲ್ಲಿ ಒಂದು ಪೂಜೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ನಡುವೆ ಬೆಣ್ಣೆ ಚಹಾ ಬರುತ್ತದೆ, ಹುಡುಗರು ಕೆಟಲು ಹಿಡಿದು ಓಡಾಡುತ್ತಾರೆ, ತೂಕಡಿಸುವವರೂ ಇರುತ್ತಾರೆ. ಅಲ್ಲಿ ಕೇಳುಗರೆಂಬ ಬೇರೆ ಜನವೇ ಇಲ್ಲ. ಸಭಾಂಗಣದಲ್ಲಿ ಅದನ್ನು ಕೆಲವು ನಿಮಿಷಗಳ ತುಂಡುಗಳಾಗಿ ಕತ್ತರಿಸಬೇಕು, ದೀಪದ ವ್ಯವಸ್ಥೆ ಬೇಕು, ಕೊನೆಗೆ ಚಪ್ಪಾಳೆ. ದೇವರ ಮುಂದಿನ ಕುಣಿತ ರಂಗದ ಕುಣಿತವಾದಾಗ ಏನೋ ಕಳೆಯುತ್ತದೆ ಎಂಬ ಅಳಲು ನಮಗೂ ಹೊಸದಲ್ಲ. ಕಂಸಾಳೆಯವರನ್ನು ಮಾದಪ್ಪನ ಗುಡ್ಡದಿಂದ ದಿಲ್ಲಿಯ ಪರೇಡಿಗೆ ಒಯ್ದಾಗಲೂ ಕೇಳಿದ ಪ್ರಶ್ನೆಯೇ. ಭಿಕ್ಷುಗಳು ಇದಕ್ಕೆ ಕಂಡುಕೊಂಡ ದಾರಿ ಸರಳ. ವೇದಿಕೆಯ ಮೇಲೂ ಅವರು ಪೂಜೆಯನ್ನೇ ಮಾಡುತ್ತಾರೆ. ಮೊದಲು ಸ್ಥಳಶುದ್ಧಿ, ಕೊನೆಗೆ ಪುಣ್ಯದ ಅರ್ಪಣೆ. ಮಧ್ಯೆ ಕೇಳುವವರು ಎಷ್ಟು ಜನ ಎಂಬುದು ಅವರಿಗೆ ಮುಖ್ಯವಲ್ಲ. ಮಂಡಲವನ್ನು ಬಿಡಿಸಿ ಮುಗಿದ ಮೇಲೆ ಗುಡಿಸಿ ನೀರಿಗೆ ಬಿಡುವುದನ್ನೂ ಬಿಟ್ಟಿಲ್ಲ. ಈ ದೃಢತೆಯಿಂದಲೇ ಪಠಣ ಬರೀ ಪ್ರದರ್ಶನವಾಗದೆ ಉಳಿಯಿತು ಎಂದು ನನಗೆ ಅನಿಸುತ್ತದೆ.

ದುಡ್ಡಿನ ಮಾತನ್ನೂ ಆಡಬೇಕು. 300 ಭಿಕ್ಷುಗಳಿಗೆಂದು ಗೊತ್ತು ಮಾಡಿದ ಜಮೀನಿನಲ್ಲಿ ಸೆರಾ ಮಠ ಸಾವಿರಾರು ಜನರಿಗೆ ಬೆಳೆಯಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಗಡಿ ದಾಟಿ ಬಂದ ಹುಡುಗರು ಒಂದೇ ಸಮನೆ ಸೇರಿಕೊಂಡರು. ಮುಸುಕಿನ ಜೋಳ ಇಷ್ಟು ಹೊಟ್ಟೆಗಳನ್ನು ಹೊರಲಾರದು. ಪ್ರವಾಸಗಳಿಂದ ಬಂದ ಹಣ ಮತ್ತು ಅಲ್ಲಿ ಪರಿಚಯವಾದ ದಾನಿಗಳು ಮಠಗಳ ಅಡುಗೆಮನೆ, ಕೊಠಡಿ, ಚಿಕಿತ್ಸಾಲಯ, ಮಕ್ಕಳ ಶಾಲೆಗೆ ಆಸರೆಯಾದರು. 2015ರ ಡಿಸೆಂಬರಿನಲ್ಲಿ ತಾಶಿ ಲ್ಹುನ್ಪೊದ ಹೊಸ ಪ್ರಾರ್ಥನಾ ಮಂದಿರವನ್ನು ದಲೈ ಲಾಮಾ ಉದ್ಘಾಟಿಸಿದರು. ಮಠ ಮೊದಲು ತಗಡಿನ ಕೆಳಗೆ ಕೂತಿದ್ದ ದಿನಗಳನ್ನು ಬಲ್ಲ ಹಿರಿಯರು ಆಗ ಕೆಲವರೇ ಉಳಿದಿದ್ದರು.

ಈಗ ಮಠದ ಪೂಜೆಯ ಸಾಲುಗಳಲ್ಲಿ ಕೂರುವವರು ಬೇರೆ. 2008ರ ನಂತರ ಟಿಬೆಟ್ ಗಡಿ ಬಿಗಿಯಾಗಿ ಅಲ್ಲಿಂದ ಬರುವವರು ತೀರ ಕಡಿಮೆಯಾದರು. ಕ್ಯಾಂಪಿನಲ್ಲೇ ಹುಟ್ಟಿದ ಯುವಕರು ಬೆಂಗಳೂರಿಗೆ, ಆಮೇಲೆ ಅಮೆರಿಕ, ಕೆನಡಾಗಳಿಗೆ ಹೊರಟರು. ಜಾಗ ತುಂಬಿದವರು ಲಡಾಖ್, ಸ್ಪಿತಿ, ಕಿನ್ನೌರ್, ಸಿಕ್ಕಿಂನವರು, ಅರುಣಾಚಲದ ಮೊನ್ಪಾಗಳು, ನೇಪಾಳದ ಶೆರ್ಪಾ ಮತ್ತು ತಮಾಂಗರು, ಮಂಗೋಲಿಯದವರು. ಮನೆಮಾತು ಒಬ್ಬೊಬ್ಬರದೂ ಒಂದೊಂದು. ಪಠಣದ ಭಾಷೆ ಒಂದೇ. 102ನೆಯ ಗಾಂದೆನ್ ತ್ರಿಪಾ, ಅಂದರೆ ಗೆಲುಗ್ ಪಂಥದ ಪೀಠಾಧಿಪತಿ, ಆಗಿದ್ದ ರಿಜೋಂಗ್ ರಿನ್ಪೊಚೆ ಲಡಾಖಿನವರು. ಆ ಪೀಠಕ್ಕೆ ಹೋಗುವ ದಾರಿ ಗ್ಯುಮೆ ಅಥವಾ ಗ್ಯುತೊದ ಮುಖ್ಯಸ್ಥ ಸ್ಥಾನದ ಮೂಲಕವೇ ಸಾಗುತ್ತದೆ. ಸೆರಾ, ದ್ರೆಪುಂಗ್, ಗಾಂದೆನ್‌ಗಳಲ್ಲಿ ಇಪ್ಪತ್ತು ವರ್ಷ ಓದಿ ಗೆಶೆ ಪದವಿ ಪಡೆದವರೂ ತಂತ್ರದ ಅಭ್ಯಾಸಕ್ಕೆ ಈ ಎರಡರಲ್ಲೊಂದಕ್ಕೆ ಬರಬೇಕು. ಹಾಗಾಗಿ ಟಿಬೆಟಿಯನ್ ಬೌದ್ಧಲೋಕದ ದೊಡ್ಡ ವಿದ್ವಾಂಸರಲ್ಲಿ ಅನೇಕರಿಗೆ ಹುಣಸೂರಿನ ಬಸ್ ಸ್ಟ್ಯಾಂಡ್ ಗೊತ್ತು.

ಆಳದ ದನಿ ಹುಟ್ಟುವ ಬಗೆಯನ್ನು ವೈದ್ಯರು ಈಗ ಹೆಚ್ಚು ಬಿಡಿಸಿ ಹೇಳಬಲ್ಲರು. ನಾವು ಮಾತಾಡುವಾಗ ಸುಮ್ಮನಿರುವ, ಸ್ವರತಂತುಗಳ ಮೇಲಿನ ಇನ್ನೊಂದು ಜೊತೆ ಮಡಿಕೆಗಳೂ ಇಲ್ಲಿ ಅದುರುತ್ತವೆ. ನಿಜವಾದ ತಂತುಗಳ ಎರಡು ಅದುರಿಗೆ ಇವುಗಳದು ಒಂದು. ದನಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಮೇಲಿನ ಅಂಶಸ್ವರಗಳು ದಟ್ಟವಾಗುತ್ತವೆ, ತುಟಿ ದುಂಡಾದಾಗ ಅವುಗಳಲ್ಲೊಂದು ಎದ್ದು ನಿಲ್ಲುತ್ತದೆ. ಇಷ್ಟು ತಿಳಿದ ಮಾತ್ರಕ್ಕೆ ಯಾರಿಗೂ ಅದು ಬರುವುದಿಲ್ಲ. ಕಲಿಯುವವನು ಉಮ್ಜೆ ಎಂಬ ಪಠಣನಾಯಕನ ದನಿಗೆ ತನ್ನ ದನಿ ಸೇರಿಸುತ್ತ ವರ್ಷಗಟ್ಟಲೆ ಕೂರಬೇಕು. ಏರಿಳಿತಗಳನ್ನು ಬಳ್ಳಿಯಂತೆ ಬಳುಕುವ ಗೆರೆಗಳಲ್ಲಿ ಬರೆದಿಟ್ಟ ಯಾಂಗ್‌ಯಿಗ್ ಪುಸ್ತಕಗಳಿವೆ. ಅವು ಬಲ್ಲವನಿಗೆ ನೆನಪಿಸುತ್ತವೆ, ಹೊಸಬನಿಗೆ ಕಲಿಸುವುದಿಲ್ಲ. ಮೊದಮೊದಲು ಗಂಟಲು ಒಡೆಯುತ್ತದೆ. ಎಲ್ಲರಿಗೂ ದನಿ ಒಲಿಯುವುದಿಲ್ಲ, ಒಲಿದವರಲ್ಲಿ ಉಮ್ಜೆ ಆಗುವವರು ಕೆಲವರೇ. ಗ್ಯುಮೆಯ ಒಬ್ಬೊಬ್ಬ ಉಮ್ಜೆಯೂ ಐನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ ಒಂದು ಸಾಲಿನ ಕೊನೆಯ ಕೊಂಡಿ.

ಮೈಸೂರು ಸೀಮೆಯ ಸಂಗೀತ ಎಂದಾಗ ನಾವು ವಾಸುದೇವಾಚಾರ್ಯರನ್ನು, ವೀಣೆಯ ಶೇಷಣ್ಣನವರನ್ನು, ಕಂಸಾಳೆಯನ್ನು, ನೀಲಗಾರರನ್ನು ನೆನೆಯುತ್ತೇವೆ, ಸರಿಯೇ. ಆ ಪಟ್ಟಿಯಲ್ಲಿ ಗುರುಪುರದ ಪಠಣಕ್ಕೂ ಬೈಲುಕುಪ್ಪೆಯ ಕಹಳೆಗೂ ಜಾಗವಿರಬೇಕು. ಟಿಬೆಟ್‌ನಿಂದ ಬಂದದ್ದಾದರೂ ಐವತ್ತಕ್ಕೂ ಹೆಚ್ಚು ವರ್ಷ ಅದು ಬದುಕಿದ್ದು ಈ ಕೆಂಪುಮಣ್ಣಿನ ಅನ್ನ ತಿಂದೇ. ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ರಾತ್ರಿ ಬೆಂಕಿ ಕಾಯುವ ನಮ್ಮ ರೈತರು ಗಾಳಿ ಇತ್ತ ಬೀಸಿದಾಗ ಅದನ್ನು ಕೇಳುತ್ತಲೇ ಬಂದಿದ್ದಾರೆ. ಈ ವಸತಿಗಳಲ್ಲಿ ತಂಗಲು ವಿದೇಶಿಯರಿಗೆ ಸರ್ಕಾರದ ವಿಶೇಷ ಪರವಾನಗಿ ಬೇಕು, ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಅಂಥ ಕಾಗದ ಬೇಡ. ಫೆಬ್ರವರಿ, ಮಾರ್ಚಿನಲ್ಲಿ ಬರುವ ಲೋಸರ್ ಹೊಸವರ್ಷದ ಆಸುಪಾಸಿನಲ್ಲಿ ನಾಮ್‌ಡ್ರೋಲಿಂಗ್‌ನ ಅಂಗಳದಲ್ಲಿ ಮುಖವಾಡದ ಛಾಮ್ ಕುಣಿತ ನಡೆಯುತ್ತದೆ. ಬೆಳಗ್ಗೆಯೇ ಹೋದರೆ ಮುಂದೆ ಕೂರಲು ಜಾಗ ಸಿಗುತ್ತದೆ.